ಗುಂಡು ಚಿಕ್ಕದಾದರೆ ಗುರಿ ತಪ್ಪುತ್ತದೆಯೇ?



ಹೋದ ಶ್ರಾವಣದಲ್ಲಿ ನಮ್ಮ ಹೊಲದಲ್ಲಿ ಏನಾಯಿತು ಅಂತ ನಮ್ಮ ಕ್ಲಾಸಿನವರಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮುಸುಕಿನ ಜೋಳ ತೆನೆ ಕಟ್ಟಿತ್ತು. ಗಿಳಿಗಳು ಹಿಂಡು ಹಿಂಡಾಗಿ ಬರುತ್ತಿದ್ದವು. ಅಜ್ಜಿ ಬೇವಿನ ಮರದ ಕೊಂಬೆಗೆ ಒಂದು ಹಳೇ ಎಣ್ಣೆ ಡಬ್ಬ ಕಟ್ಟಿಸಿ, "ಗಿಳಿಗೆ ಹೊಡೀಬೇಡ ಕಣೋ, ಡಬ್ಬಕ್ಕೆ ಹೊಡಿ. ಸದ್ದಿಗೇ ಹಾರಿ ಹೋಗ್ತವೆ" ಅಂದಿದ್ದರು. ನಾನು ಚಾಟರಬಿಲ್ಲಿನಿಂದ ಡಬ್ಬಕ್ಕೆ ಹೊಡೆಯುತ್ತಿದ್ದೆ. ಒಂದು ದಿನ ಸಾಯಂಕಾಲ ಕೈಗೆ ಸಿಕ್ಕಿದ ಒಂದು ಸಣ್ಣ ಕಲ್ಲನ್ನು ಇಟ್ಟು ಬಿಟ್ಟೆ. ಅದು ಡಬ್ಬದ ಕಡೆಗೆ ಹೋಗಲಿಲ್ಲ. ಎಡಗಡೆ ಬದುವಿನ ಮೇಲೆ ನಿಂತಿದ್ದ ನನ್ನ ತಂಗಿಯ ಹುಬ್ಬಿಗೆ ಬಡಿಯಿತು. ಮೂರು ಹೊಲಿಗೆ ಬಿತ್ತು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು ಅಂತ ಡಾಕ್ಟರು ಹೇಳಿದರು.

"ನಾನು ಡಬ್ಬಕ್ಕೇ ಗುರಿ ಇಟ್ಟಿದ್ದೆ, ಕಲ್ಲೇ ಸೊಟ್ಟಗೆ ಹೋಯ್ತು" ಅಂತ ನಾನು ಹೇಳಿದೆ. ಯಾರೂ ನಂಬಲಿಲ್ಲ. ಅಪ್ಪ ಚಾಟರಬಿಲ್ಲನ್ನು ಕಿತ್ತುಕೊಂಡು ಅಟ್ಟದ ಮೇಲೆ ಎಸೆದರು. ನನಗೆ ಮಾತ್ರ ಒಂದೇ ಯೋಚನೆ. ಕಲ್ಲು ನಿಜವಾಗಿಯೂ ಸೊಟ್ಟಗೆ ಹೋಗುತ್ತದೆಯೇ, ಅಥವಾ ನಾನು ಸುಳ್ಳು ಹೇಳಿದೆನೇ?

ಇದಕ್ಕೆ ಉತ್ತರ ಹುಡುಕುವ ದಾರಿ ನನಗೆ ಸಿಕ್ಕಿದ್ದು ದಸರಾ ರಜೆಯಲ್ಲಿ ಬೆಂಗಳೂರಿನಲ್ಲಿ. ನಮ್ಮ ಸೋದರಮಾವನ ಮನೆ ಇರುವುದು ಕುಮಾರಸ್ವಾಮಿ ಲೇಔಟಿನಲ್ಲಿ. ನಮ್ಮ ಕಡೆಯಿಂದ ಕನಕಪುರ ರಸ್ತೆಯಲ್ಲಿ ಬಸ್ಸಿನಲ್ಲಿ ಹೋದರೆ ಯಲಚೇನಹಳ್ಳಿ ಮೆಟ್ರೋ ಸ್ಟೇಷನ್ನಿನ ಹತ್ತಿರ ಇಳಿದುಕೊಳ್ಳಬೇಕು. ಮಾವನ ಮಗ ಒಂಬತ್ತನೇ ಕ್ಲಾಸು. ಅವನ ಗೆಳೆಯನ ಹುಟ್ಟುಹಬ್ಬಕ್ಕೆ ಎಲ್ಲರೂ ಪೇಂಟ್‌ಬಾಲ್ ಆಡಲು ಹೋದರು. ನನ್ನನ್ನೂ ಕರೆದುಕೊಂಡು ಹೋದರು.

ಪೇಂಟ್‌ಬಾಲ್ ಅಂದರೆ ಬಣ್ಣದ ಗುಂಡಿನ ಯುದ್ಧ. ಗುಂಡಿನ ಹೊರಗಿನ ಸಿಪ್ಪೆ ಜೆಲಟಿನ್‌ನಿಂದ ಮಾಡಿದ್ದು. ಆಸ್ಪತ್ರೆಯಲ್ಲಿ ಕೊಡುವ ಕ್ಯಾಪ್ಸೂಲ್ ಮಾತ್ರೆಯ ಸಿಪ್ಪೆ ಇರುತ್ತದಲ್ಲ, ಅದೇ ತರಹದ್ದು. ಒಳಗೆ ನೀರಿನಲ್ಲಿ ತೊಳೆದರೆ ಹೋಗುವ ಬಣ್ಣ. ಒತ್ತಿಟ್ಟ ಗಾಳಿಯ ಬಲದಿಂದ ಗನ್ನು ಅದನ್ನು ತಳ್ಳುತ್ತದೆ. ಮೈಗೆ ಬಡಿದರೆ ಪಟ್ ಅಂತ ಒಡೆದು ಬಣ್ಣ ಅಂಟುತ್ತದೆ. ಬಣ್ಣ ಅಂಟಿದವನು ಔಟ್.

ಈ ಗನ್ನು ಮೊದಲು ಆಟಕ್ಕೆ ಮಾಡಿದ್ದೇ ಅಲ್ಲವಂತೆ. ಅಮೆರಿಕದಲ್ಲಿ ಕಾಡಿನ ಕೆಲಸದವರು ಕಡಿಯಬೇಕಾದ ಮರಕ್ಕೆ ದೂರದಿಂದಲೇ ಬಣ್ಣದ ಗುರುತು ಹಾಕಲು, ದನ ಕಾಯುವವರು ದನಕ್ಕೆ ಗುರುತು ಹಾಕಲು ಅದನ್ನು ಬಳಸುತ್ತಿದ್ದರು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬ ಊರಿನ ಕಾಡಿನಲ್ಲಿ 12 ಜನ ಸೇರಿ ಅದರಿಂದ ಮೊದಲನೇ ಆಟ ಆಡಿದರು. ಗೆದ್ದವನು ಕಾಡಿನ ಕೆಲಸ ಬಲ್ಲ ರಿಚಿ ವೈಟ್ ಎಂಬುವನು. ತಮಾಷೆ ಏನೆಂದರೆ ಅವನು ಒಂದು ಗುಂಡನ್ನೂ ಹಾರಿಸಲಿಲ್ಲ! ಮರಗಳ ಮರೆಯಲ್ಲಿ ಸದ್ದಿಲ್ಲದೆ ಹೋಗಿ ಬಾವುಟಗಳನ್ನೆಲ್ಲ ಎತ್ತಿಕೊಂಡು ಬಂದ.

ನಾವು ಹೋದ ಕಡೆ ಎರಡು ಅಳತೆಯ ಗುಂಡು ಇದ್ದವು. ದೊಡ್ಡವರಿಗೆ 0.68 ಇಂಚಿನದು, ಅಂದರೆ ಅಡ್ಡಗಲ ಸುಮಾರು 17 ಮಿಲಿಮೀಟರ್, ತೂಕ ಸುಮಾರು 3 ಗ್ರಾಂ. ಮಕ್ಕಳಿಗೆ 0.50 ಇಂಚಿನದು, ಅಂದರೆ ಹೆಚ್ಚುಕಡಿಮೆ 12.7 ಮಿಲಿಮೀಟರ್, ತೂಕ ಒಂದೂಕಾಲು ಗ್ರಾಂ. ಒಂದು ದೊಡ್ಡ ಗೋಲಿ, ಒಂದು ಸಣ್ಣ ಗೋಲಿ ಅಂದುಕೊಳ್ಳಿ. ಚಿಕ್ಕ ಗುಂಡು ಹಗುರ, ಆದ್ದರಿಂದ ಅದೇ ವೇಗದಲ್ಲಿ ಬಂದರೂ ಪೆಟ್ಟು ಅರ್ಧಕ್ಕಿಂತ ಕಡಿಮೆ. ಆದರೂ ಮುಖಕ್ಕೆ ಮುಖವಾಡ ಹಾಕದೆ ಒಳಗೆ ಬಿಡಲಿಲ್ಲ. ಆಟ ನಿಂತ ಮೇಲೂ ಹೊರಗೆ ಬರುವವರೆಗೆ ತೆಗೆಯಬಾರದು ಅಂದರು. ನಾನು ಒಂದು ಸಲ ಬೆವರು ಒರೆಸಿಕೊಳ್ಳೋಣ ಅಂತ ಮುಖವಾಡ ಎತ್ತಿದ್ದಕ್ಕೆ ಅಲ್ಲಿನ ಅಣ್ಣ ಮೈದಾನವೆಲ್ಲ ಕೇಳುವ ಹಾಗೆ ಬೈದರು. ನನಗೆ ತಂಗಿಯ ಹುಬ್ಬು ನೆನಪಾಯಿತು.

ಮನೆಗೆ ಬಂದ ಮೇಲೆ ಮಾವನ ಮಗನಿಗೂ ನನಗೂ ಜಗಳ. "ಚಿಕ್ಕ ಗುಂಡೇ ನೇರ ಹೋಗೋದು, ಸೂಜಿ ಥರ ಗಾಳೀನ ಸೀಳ್ಕೊಂಡು ಹೋಗುತ್ತೆ" ಅಂತ ಅವನು. "ಇಲ್ಲ, ಭಾರ ಇರೋದೇ ನೇರ ಹೋಗೋದು" ಅಂತ ನಾನು. ಮುಗಿಯುವ ಮುಂಚೆ ನಮಗೆ ಒಂದು ಹಲಗೆಗೆ ಹತ್ತು ಹತ್ತು ಗುಂಡು ಹೊಡೆಯಲು ಬಿಟ್ಟಿದ್ದರು. ದೊಡ್ಡದರಲ್ಲಿ 6 ಬಿದ್ದಿದ್ದವು, ಚಿಕ್ಕದರಲ್ಲಿ 4. "ನೋಡು" ಅಂದೆ. "ಗನ್ನೇ ಬೇರೆ ಬೇರೆ, ಅದ್ಹೇಗೆ ಲೆಕ್ಕ ಆಗುತ್ತೆ?" ಅಂದ. ಅದು ಮಾತ್ರ ಅವನು ಸರಿಯಾಗಿ ಹೇಳಿದ.

ನನ್ನ ಜೇಬಿನಲ್ಲಿ ಎರಡೂ ಅಳತೆಯ ಕೆಲವು ಗುಂಡು ಉಳಿದಿದ್ದವು. ಅವನ್ನು ಮಾವನ ಮನೆಯ ಕೆಂಪು ನೆಲದ ಮೇಲೆ ಉರುಳಿಸಿ ನೋಡಿದೆವು. ಕೆಲವು ನೇರ ಹೋದವು. ಕೆಲವು ಕುಂಟುತ್ತಾ ಪಕ್ಕಕ್ಕೆ ತಿರುಗಿದವು. ಅಂದರೆ ಅವು ಪೂರ್ತಿ ದುಂಡಗಿರಲಿಲ್ಲ. ಆಮೇಲೆ ಹಳೇ ಲಗ್ನಪತ್ರಿಕೆಯಲ್ಲಿ ಒಂದು ದೊಡ್ಡ ಗುಂಡು ಸರಿಯಾಗಿ ತೂರುವಷ್ಟೇ ತೂತು ಕೊರೆದೆವು. ಆ ದಿನ ರಾತ್ರಿ ಮಳೆ. ಎರಡು ಗುಂಡನ್ನು ಕಿಟಕಿಯ ಕಟ್ಟೆಯ ಮೇಲೆ ಮರೆತು ಮಲಗಿದ್ದೆವು. ಬೆಳಗ್ಗೆ ನೋಡಿದರೆ ಮೆತ್ತಗಾಗಿ ಊದಿಕೊಂಡಿದ್ದವು. ಹಿಂದಿನ ದಿನ ತೂರಿದ್ದ ತೂತಿನಲ್ಲಿ ಈಗ ತೂರಲಿಲ್ಲ. ಜೆಲಟಿನ್ ತೇವ ಹೀರಿಕೊಳ್ಳುತ್ತದೆ. ಚೆನ್ನಾಗಿ ಆಡುವವರು ಗುಂಡನ್ನು ಹೀಗೆಯೇ ಅಳೆದು, ಅದಕ್ಕೆ ಸರಿಹೊಂದುವ ನಳಿಗೆಯನ್ನು ಗನ್ನಿಗೆ ಹಾಕಿಕೊಳ್ಳುತ್ತಾರಂತೆ. ನಳಿಗೆ ಸಡಿಲವಾದರೆ ಗುಂಡು ಒಳಗೆ ಅತ್ತಿತ್ತ ಬಡಿದುಕೊಂಡು ಹೊರಗೆ ಬರುತ್ತದೆ, ಪಕ್ಕದಿಂದ ಗಾಳಿ ಸೋರುತ್ತದೆ. ಬಿಗಿಯಾದರೆ ಒಳಗೇ ಒಡೆಯುತ್ತದೆ.

ಊರಿಗೆ ಬಂದು ಇದನ್ನೆಲ್ಲ ನಮ್ಮ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸ್ವಲ್ಪ ಜೇಡಿಮಣ್ಣು ತರಲು ಹೇಳಿ, 10 ಮಿಲಿಮೀಟರ್ ಅಡ್ಡಗಲದ ಉಂಡೆ ಎಂಟು ಮಾಡಿಸಿದರು. ಆಮೇಲೆ ಎಂಟನ್ನೂ ಸೇರಿಸಿ ಒಂದೇ ಉಂಡೆ ಮಾಡು ಅಂದರು. ಅಳೆದರೆ 20 ಮಿಲಿಮೀಟರ್! ಎಂಟು ಪಟ್ಟು ಮಣ್ಣು ಹಾಕಿದರೂ ಅಡ್ಡಗಲ ಎರಡೇ ಪಟ್ಟು ಆಯಿತು. "ಗಾಳಿಗೆ ಕಾಣೋದು ಉಂಡೆಯ ಮುಖ ಮಾತ್ರ. ಮುಖ ನಾಲ್ಕು ಪಟ್ಟು ದೊಡ್ಡದಾಯ್ತು, ಅದರ ಹಿಂದೆ ಇರೋ ತೂಕ ಎಂಟು ಪಟ್ಟು ಆಯ್ತು. ಈಗ ಹೇಳು, ಗಾಳಿ ಯಾವುದನ್ನು ಬೇಗ ತಡೆಯುತ್ತೆ?" ಅಂದರು. ಚಿಕ್ಕದನ್ನು! ಸೂಜಿಯ ಹಾಗೆ ಸೀಳುತ್ತದೆ ಅಂದ ಮಾವನ ಮಗನ ಮಾತು ಇಲ್ಲಿ ಬಿದ್ದುಹೋಯಿತು. ಸೂಜಿ ಉದ್ದ ಇರುತ್ತದೆ, ಅದರ ಸಣ್ಣ ಮುಖದ ಹಿಂದೆ ತೂಕ ಇರುತ್ತದೆ. ಉಂಡೆಗೆ ಆ ಅನುಕೂಲ ಇಲ್ಲ.

ಗಾಳಿಯ ತಡೆ ಅಂದರೆ ಏನೋ ಸ್ವಲ್ಪ ಅಂತ ನಾನು ತಿಳಿದಿದ್ದೆ. ಮೇಷ್ಟ್ರು ಲೆಕ್ಕ ಹಾಕಿ ತೋರಿಸಿದರು. ಪೇಂಟ್‌ಬಾಲ್ ಗುಂಡಿನ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 300 ಅಡಿ ಮೀರಬಾರದು ಅಂತ ನಿಯಮ ಇದೆ. ಅಂದರೆ ಸುಮಾರು 90 ಮೀಟರ್. ಆ ವೇಗದಲ್ಲಿ ಹೊರಟ ದೊಡ್ಡ ಗುಂಡನ್ನೂ ಗಾಳಿ ಹಿಂದಕ್ಕೆ ತಳ್ಳುವ ಬಲ ಆ ಗುಂಡಿನ ತೂಕದ ಹತ್ತು ಪಟ್ಟಿಗಿಂತ ಹೆಚ್ಚು! ಚಿಕ್ಕ ಗುಂಡಿಗೆ ಅದು ಇನ್ನೂ ಜಾಸ್ತಿ. ಆದ್ದರಿಂದ ಎರಡನ್ನೂ ಒಂದೇ ವೇಗದಲ್ಲಿ ಬಿಟ್ಟರೆ ಚಿಕ್ಕದು ಬೇಗ ಸೋಲುತ್ತದೆ, ಬೇಗ ಕೆಳಗೆ ಬಾಗುತ್ತದೆ, ಪಕ್ಕದ ಗಾಳಿಗೂ ಹೆಚ್ಚು ಜರುಗುತ್ತದೆ.

"ಆದರೆ ಅದು ದೂರದ ಮಾತಾಯ್ತು, ನೇರದ ಮಾತಲ್ಲ" ಅಂದರು ಮೇಷ್ಟ್ರು. ಕೆಳಗೆ ಬಾಗುವುದು ಗೊತ್ತಿದ್ದರೆ ಅಷ್ಟು ಮೇಲೆ ಗುರಿ ಇಟ್ಟರಾಯಿತು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೋದರೆ ಏನು ಮಾಡುತ್ತೀಯ? ಅದಕ್ಕೆ ಅವರು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞನ ಕಥೆ ಹೇಳಿದರು. ಅವನು 1742ರಲ್ಲಿ ಫಿರಂಗಿ ವಿದ್ಯೆಯ ಬಗ್ಗೆ ಪುಸ್ತಕ ಬರೆದವನು. ಆಗಿನ ಬಂದೂಕಿನ ಗುಂಡುಗಳೂ ಗೋಲಿಯ ಹಾಗೆ ದುಂಡಗಿದ್ದವು, ಹೆಚ್ಚಿನವುಗಳ ನಳಿಗೆಯ ಒಳಗೆ ಈಗಿನಂತೆ ಸುರುಳಿ ಗೆರೆ ಇರಲಿಲ್ಲ. ಪೇಂಟ್‌ಬಾಲ್ ಗನ್ನು ಕೂಡ ಹೆಚ್ಚಾಗಿ ಹಾಗೆಯೇ. ರಾಬಿನ್ಸ್ ತೆಳು ಕಾಗದದ ಪರದೆಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿ ಗುಂಡು ಹೊಡೆದು, ತೂತುಗಳನ್ನು ನೋಡಿ ಗುಂಡಿನ ದಾರಿ ಕಂಡುಹಿಡಿದ. ಆಮೇಲೆ ಬಂದೂಕಿನ ನಳಿಗೆಯ ತುದಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿದ. ಗುಂಡು ಮೊದಲು ಎಡಕ್ಕೆ ಹೊರಟು, ಹೋಗುತ್ತಾ ಹೋಗುತ್ತಾ ಬಲಕ್ಕೆ ತಿರುಗಿತು! ಯಾಕೆಂದರೆ ನಳಿಗೆಯ ಒಂದು ಪಕ್ಕಕ್ಕೆ ಉಜ್ಜಿಕೊಂಡು ಬಂದ ಗುಂಡು ಬುಗುರಿಯ ಹಾಗೆ ತಿರುಗುತ್ತಿತ್ತು. ತಿರುಗುವ ಗುಂಡನ್ನು ಗಾಳಿ ಒಂದು ಕಡೆಗೆ ನೂಕುತ್ತದೆ. ನಮ್ಮ ಸ್ಪಿನ್ ಬೌಲರುಗಳ ಚೆಂಡು ಗಾಳಿಯಲ್ಲೇ ಜರುಗುವುದೂ ಇದರಿಂದಲೇ. ಈ ರಾಬಿನ್ಸ್ ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಮಾಡಲು ನಮ್ಮ ದೇಶಕ್ಕೇ ಬಂದು, 1751ರಲ್ಲಿ ತಮಿಳುನಾಡಿನ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನಂತೆ.

ಕಾಗದದ ಪರದೆ ಅಂದ ತಕ್ಷಣ ನನಗೆ ನಮ್ಮ ಸ್ಕೂಲಿನ ಹಳೇ ಕಪ್ಪು ಹಲಗೆ ನೆನಪಾಯಿತು. ಮಣ್ಣಿನ ಉಂಡೆಯನ್ನು ಸೀಮೆಸುಣ್ಣದ ಪುಡಿಯಲ್ಲಿ ಹೊರಳಿಸಿ ಹೊಡೆದರೆ ಹಲಗೆಯ ಮೇಲೆ ಬಿಳಿ ಗುರುತು ಬೀಳುತ್ತದೆ. ನಮ್ಮದೇ ಪೇಂಟ್‌ಬಾಲ್! ಮೇಷ್ಟ್ರು ಅಪ್ಪನ ಹತ್ತಿರ ಮಾತಾಡಿ ಅಟ್ಟದಿಂದ ಚಾಟರಬಿಲ್ಲು ಇಳಿಸಿದರು. ಭಾನುವಾರ, ಸ್ಕೂಲಿನ ಹಿಂದಿನ ಗೋಡೆಗೆ ಹಲಗೆ ಒರಗಿಸಿ, 12 ಮೀಟರ್ ದೂರದಲ್ಲಿ ಗೆರೆ ಎಳೆದೆವು. ನೋಡಲು ಬಂದವರೆಲ್ಲ ನನ್ನ ಹಿಂದೆ ನಿಲ್ಲಬೇಕು ಅಂತ ಕಟ್ಟುನಿಟ್ಟು.

ಉಂಡೆಗಳು ಮೂರು ಬಗೆ. 10 ಮಿಲಿಮೀಟರಿನದು, 16ರದ್ದು, 22ರದ್ದು. ಒಣಗಿಸಿ ಅಂಗಡಿಯ ತಕ್ಕಡಿಯಲ್ಲಿ ಹತ್ತು ಹತ್ತು ತೂಗಿದೆ. ಚಿಕ್ಕವು ಹತ್ತಕ್ಕೆ 9 ಗ್ರಾಂ, ನಡುವಿನವು 39, ದೊಡ್ಡವು 101. ಒಂದೊಂದರಲ್ಲಿ 20 ಹೊಡೆತ. ನಾನು ಮೊದಲು ಚಿಕ್ಕವನ್ನೆಲ್ಲ ಮುಗಿಸೋಣ ಅಂತಿದ್ದೆ. ಮೇಷ್ಟ್ರು ಬೇಡ ಅಂದರು. ಕೊನೆಗೆ ಹೊಡೆಯುವಾಗ ಕೈ ಸೋತಿರುತ್ತದೆ, ಆಗ ಉಂಡೆಯ ತಪ್ಪೋ ಕೈಯ ತಪ್ಪೋ ಗೊತ್ತಾಗುವುದಿಲ್ಲ. ಆದ್ದರಿಂದ ಐದು ಚಿಕ್ಕದು, ಐದು ನಡುವಿನದು, ಐದು ದೊಡ್ಡದು, ಮತ್ತೆ ಐದು ಚಿಕ್ಕದು, ಹೀಗೆ ಸರದಿ. ಪ್ರತಿ ಗುರುತಿನ ಪಕ್ಕ ಚಿ, ನ, ದೊ ಅಂತ ಬರೆದೆವು.

ದೊಡ್ಡ ಉಂಡೆಗಳು ಎಲ್ಲವೂ ನಾನು ಗುರಿ ಇಟ್ಟ ಚುಕ್ಕಿಗಿಂತ ಮುಕ್ಕಾಲು ಮೊಳ ಕೆಳಗೆ ಬಿದ್ದವು. "ಸೋತುಹೋಯ್ತು" ಅಂತ ಹುಡುಗರು ಕೂಗಿದರು. ಮೇಷ್ಟ್ರು ಒಪ್ಪಲಿಲ್ಲ. ಚಾಟರಬಿಲ್ಲಿನ ರಬ್ಬರು ಎಲ್ಲ ಉಂಡೆಗೂ ಒಂದೇ ಬಲ ಕೊಡುತ್ತದೆ. ಭಾರದ ಉಂಡೆ ನಿಧಾನ ಹೊರಡುತ್ತದೆ, ದಾರಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅಷ್ಟು ಕೆಳಗೆ ಬೀಳುತ್ತದೆ. (ಪೇಂಟ್‌ಬಾಲಿನಲ್ಲಿ ಹೀಗಲ್ಲ. ಅಲ್ಲಿ ವೇಗವನ್ನು ಅಳೆದು ಸರಿಮಾಡುತ್ತಾರೆ. ಅದಕ್ಕೇ ಅಲ್ಲಿನ ಉತ್ತರವನ್ನು ಇಲ್ಲಿಗೆ ಹಾಗೇ ತರುವುದಕ್ಕಾಗುವುದಿಲ್ಲ.) ಆದ್ದರಿಂದ ಪ್ರತಿ ಬಗೆಯ ಗುರುತುಗಳ ಮಧ್ಯ ಎಲ್ಲಿದೆ ಅಂತ ನೋಡಿ, ಅಲ್ಲಿಂದ ಒಂದು ಗೇಣು ದಾರದಲ್ಲಿ ಸುತ್ತು ಎಳೆದು, ಒಳಗೆ ಬಿದ್ದವನ್ನು ಎಣಿಸಿದೆವು. ಚಿಕ್ಕದರಲ್ಲಿ 7, ನಡುವಿನದರಲ್ಲಿ 12, ದೊಡ್ಡದರಲ್ಲಿ 13. ಎರಡು ಚಿಕ್ಕ ಉಂಡೆ ಹಲಗೆಗೇ ಬೀಳಲಿಲ್ಲ.

ನಾನು ಗೆದ್ದೆ ಅಂತ ಮಾವನ ಮಗನಿಗೆ ಫೋನ್ ಮಾಡೋಣ ಅಂತಿದ್ದೆ. ಅಷ್ಟರಲ್ಲಿ ನನ್ನ ಗೆಳೆಯ ಒಂದು ಮಾತು ಹೇಳಿದ. "ಚಿಕ್ಕ ಉಂಡೆ ನೀನು ಮಾಡಿರೋದೇ ಸೊಟ್ಟ ಇದೆ." ನೋಡಿದರೆ ನಿಜ. ಕೈಯಲ್ಲಿ ಉಂಡೆ ಕಟ್ಟುವಾಗ ಬೆರಳ ಗುರುತು ಎಲ್ಲದರ ಮೇಲೂ ಒಂದೇ ಅಳತೆ ಬೀಳುತ್ತದೆ. ದೊಡ್ಡ ಉಂಡೆಗೆ ಅದು ಲೆಕ್ಕಕ್ಕಿಲ್ಲ, ಚಿಕ್ಕದಕ್ಕೆ ದೊಡ್ಡ ಗುಂಡಿ.

ಮುಂದಿನ ವಾರ ಮತ್ತೆ ಮಾಡಿದೆವು. ಈ ಸಲ ರಟ್ಟಿನಲ್ಲಿ ಮೂರು ತೂತು ಕೊರೆದು, ಯಾವ ಕಡೆ ತಿರುಗಿಸಿದರೂ ಸರಿಯಾಗಿ ತೂರುವ ಉಂಡೆಗಳನ್ನು ಮಾತ್ರ ಆರಿಸಿದೆವು. ಮಾಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಎಸೆಯಬೇಕಾಯಿತು. ಚಿಕ್ಕದರಲ್ಲಿ ಸುತ್ತಿನೊಳಗೆ 12 ಬಿತ್ತು, ನಡುವಿನದರಲ್ಲಿ 17, ದೊಡ್ಡದರಲ್ಲಿ 14. ಹೋದ ವಾರದ ನಡುವಿನ ಉಂಡೆ ಎಷ್ಟು ಬಿದ್ದಿತ್ತೋ, ಈ ವಾರ ಚಿಕ್ಕ ಉಂಡೆಯೂ ಅಷ್ಟೇ ಬಿತ್ತು! ಅಂದರೆ ಚಿಕ್ಕದಾಗಿದ್ದದ್ದಕ್ಕಿಂತ ಸೊಟ್ಟ ಇದ್ದದ್ದೇ ದೊಡ್ಡ ತಪ್ಪು.

ದೊಡ್ಡದು ಮಾತ್ರ ಯಾಕೆ ಹೆಚ್ಚಾಗಲಿಲ್ಲ? ಅದು ದುಂಡಗೇ ಇತ್ತು. ಚಾಟರಬಿಲ್ಲಿನ ಚರ್ಮದ ತುಂಡು ನೋಡಿದಾಗ ಗೊತ್ತಾಯಿತು. ಅದು ಗೋಲಿಗೆ ಅಂತ ಕತ್ತರಿಸಿದ್ದು. 22 ಮಿಲಿಮೀಟರಿನ ಉಂಡೆ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಬಿಡುವಾಗ ಒಂದು ಪಕ್ಕಕ್ಕೆ ಜಾರಿ ತಿರುಗುತ್ತದೆ. ರಾಬಿನ್ಸನ ಬಗ್ಗಿದ ನಳಿಗೆಯ ಹಾಗೆ. ನನ್ನ ಗೆಳೆಯನ ಚಾಟರಬಿಲ್ಲಿನ ಚರ್ಮ ಅಗಲ. ಅದರಲ್ಲಿ ಅವನು ಹೊಡೆದಾಗ ದೊಡ್ಡದೇ ಮೊದಲು ಬಂತು, 16. ಆದ್ದರಿಂದ ಯಾವ ಅಳತೆ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಈಗ ಮೊದಲು ಅವರ ಚರ್ಮದ ತುಂಡು ತೋರಿಸಿ ಅನ್ನುತ್ತೇನೆ. ಮಾವನ ಮಗನಿಗೂ ಇದನ್ನೇ ಹೇಳಿದೆ. ಅವನು ಇನ್ನೂ ಒಪ್ಪಿಲ್ಲ.

ಕೊನೆಗೆ ಉಳಿದದ್ದು ಕಲ್ಲು. ಹೊಲದಿಂದ ಅವತ್ತಿನಂಥವೇ ಚಪ್ಪಟೆ ಕಲ್ಲುಗಳನ್ನು 20 ಆರಿಸಿಕೊಂಡು ಬಂದೆ. ಅದೇ ಗೆರೆ, ಅದೇ ಕೈ. ಸುತ್ತಿನೊಳಗೆ ಬಿದ್ದದ್ದು 3. ಹಲಗೆಗೇ ಬೀಳದೆ ಹೋದದ್ದು 5. ಹಾಗಾದರೆ ಕಲ್ಲು ಸೊಟ್ಟಗೆ ಹೋಗುತ್ತದೆ ಅಂತ ನಾನು ಹೇಳಿದ್ದು ಸುಳ್ಳಲ್ಲ. ಅಪ್ಪನಿಗೆ ಲೆಕ್ಕದ ಹಾಳೆ ತೋರಿಸಿದೆ. ಅಪ್ಪ ಪೂರ್ತಿ ಓದಿ, "ಹಂಗಾದ್ರೆ ಇಪ್ಪತ್ತಕ್ಕೆ ಐದು ಎಲ್ಲಿಗಾದ್ರೂ ಹೋಗುತ್ತೆ ಅಂತ ಆಯ್ತಲ್ಲ. ಅವತ್ತು ನಿನ್ನ ಕೈಯಲ್ಲಿ ಇದ್ದದ್ದು ಎಂಥ ಕಲ್ಲು ಅಂತ ನೋಡಿದ್ಯಾ?" ಅಂದರು. ನಾನು ನೋಡಿರಲಿಲ್ಲ.

ತಂಗಿ ಹಲಗೆ ನೋಡಲು ಬಂದಳು. ಅವಳು ಮೂರನೇ ಕ್ಲಾಸು. ಚುಕ್ಕಿಗಳನ್ನೆಲ್ಲ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, "ಅವತ್ತು ನಾನು ಇದರಲ್ಲಿ ಎಲ್ಲಿ ನಿಂತಿದ್ದೆ?" ಅಂತ ಕೇಳಿದಳು. ಹಲಗೆಯ ಮಧ್ಯ ಡಬ್ಬ ಅಂತ ಇಟ್ಟುಕೊಂಡರೆ ಅವಳು ಹಲಗೆಯ ಆಚೆ, ಎಡಗಡೆ ಗೋಡೆಯ ಹತ್ತಿರ ಇರುತ್ತಾಳೆ. ಆ ಗೋಡೆಯ ಮೇಲೂ ಎರಡು ಬಿಳಿ ಚುಕ್ಕಿ ಇದ್ದವು. ಅದನ್ನು ತೋರಿಸಿದೆ. ಅವಳು ಹೋಗಿ ಅಲ್ಲಿ ನಿಂತು ನೋಡಿದಳು. ಒಂದು ಚುಕ್ಕಿ ಅವಳ ತಲೆಗಿಂತ ಮೇಲಿತ್ತು, ಇನ್ನೊಂದು ಭುಜದ ಹತ್ತಿರ.

ಈಗ ಡಬ್ಬಕ್ಕೆ ಹೊಡೆಯಲು 16 ಮಿಲಿಮೀಟರಿನ ಉಂಡೆ ಮಾತ್ರ. ರಟ್ಟಿನ ತೂತು ವಿಜ್ಞಾನದ ಬೀರುವಿನಲ್ಲಿ ಇದೆ, ಬೇಕಾದವರು ಮೇಷ್ಟ್ರನ್ನು ಕೇಳಿ ತೆಗೆದುಕೊಳ್ಳಬಹುದು. ಹಲಗೆಯ ಚಿತ್ರವನ್ನು ಪಕ್ಕದಲ್ಲಿ ಅಂಟಿಸಿದ್ದೇನೆ. ಅದರಲ್ಲಿ ಕೆಂಪು ಶಾಯಿಯಲ್ಲಿ ಹಾಕಿರುವ ಚುಕ್ಕಿಗಳು ಕಲ್ಲಿನವು.